ಬೀಗ ಬಿಟ್ಟ ಮೇಲೂ

ಇನ್ನೊಂದು ಸಲ ಕೊಡುವುದಿಲ್ಲ ಎಂದು ಕರಿಬಸಪ್ಪ ಫೋನಿನಲ್ಲಿ ಹೇಳಿದಾಗ ಆ ದನಿ ತನ್ನದೇ ಎಂದು ಅವನಿಗೆ ನಂಬಿಕೆಯಾಗಲಿಲ್ಲ. ಆ ಕಡೆ ಚಾರ್ಜಿಂಗ್ ಕಂಪನಿಯ ಕಸ್ಟಮರ್ ಕೇರಿನ ಹುಡುಗಿ ಇದ್ದಳು. ಅವಳ ಮುಂದಿದ್ದ ಪಟ್ಟಿಯಲ್ಲಿ ಈ ಮಾತಿಗೆ ಉತ್ತರ ಬರೆದಿರಲಿಲ್ಲವೋ ಏನೋ. ಮತ್ತೆ ಮೊದಲಿನಿಂದ ಶುರುಮಾಡಿದಳು. ಸರ್, ನಿಮ್ಮ ಪೇಮೆಂಟ್ ನಮಗೆ ತಲುಪಿಲ್ಲ, ದಯವಿಟ್ಟು ಮತ್ತೊಮ್ಮೆ ಪಾವತಿಸಿ, ಮೊದಲು ಕಡಿತವಾದ ಮೊತ್ತ ಏಳು ಕೆಲಸದ ದಿನಗಳಲ್ಲಿ ನಿಮ್ಮ ಖಾತೆಗೆ ವಾಪಸ್ ಬರುತ್ತದೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವೂ ಇರಲಿಲ್ಲ. "ನನ್ನ ಕಡಿಂದ ಹೋಗೈತಿ, ನಿಮಗ ಬಂದಿಲ್ಲ ಅಂದ್ರ, ನಡುವ ಎಲ್ಲಿ ಹೋತು ಅಂತ ಹುಡುಕೋರು ನಾನೇನವಾ?" ಎಂದ. ಒಂದು ನಿಮಿಷ ಲೈನಿನಲ್ಲಿರಿ ಸರ್ ಎಂದಳು. ಫೋನಿನಿಂದ ಕೊಳಲಿನ ಸಂಗೀತ ಬರತೊಡಗಿತು. ಅದನ್ನು ಅವನು ಹನ್ನೊಂದು ನಿಮಿಷ ಕೇಳಿದ. ಆಮೇಲೆ ಅದೂ ಕಟ್ಟಾಯಿತು.

ಅವನು ಕೂತಿದ್ದ ಕಾರು ಕರೆಂಟಿನಲ್ಲಿ ಓಡುವಂಥದ್ದು, ಬಿಳಿ ಬಣ್ಣದ್ದು, ದೇವರಾಜ್ ಎಂಬ ಟ್ರಾವೆಲ್ಸ್ ಮಾಲೀಕನದು. ಕರಿಬಸಪ್ಪ ಅದರ ಹಗಲು ಪಾಳಿಯ ಡ್ರೈವರು. ಚಾರ್ಜರಿನ ಕೇಬಲ್ಲಿನ ತುದಿಯಲ್ಲಿ, ಎಲ್ಲರೂ ಗನ್ನು ಎಂದು ಕರೆಯುವ ಕಪ್ಪು ಹಿಡಿಕೆ ಕಾರಿನ ಮೈಗೆ ಕಚ್ಚಿಕೊಂಡು ಕೂತಿತ್ತು. ಇಲ್ಲಿ ಮೊದಲು ಚಾರ್ಜು, ಆಮೇಲೆ ಆ್ಯಪಿನಲ್ಲಿ ದುಡ್ಡು. ದುಡ್ಡು ಬಂತೆಂಬ ಸುದ್ದಿ ಚಾರ್ಜರಿನ ಪೆಟ್ಟಿಗೆಗೆ ಮುಟ್ಟುವವರೆಗೆ ಗನ್ನಿನ ಬೀಗ ಬಿಡುವುದಿಲ್ಲ. ಹೋದ ವರ್ಷ ಹೀಗಿರಲಿಲ್ಲ, ಚಾರ್ಜು ಮುಗಿದ ಕೂಡಲೇ ತಾನಾಗಿ ಬಿಡುತ್ತಿತ್ತು. ಯಾರೋ ನಾಲ್ಕು ಜನ ದುಡ್ಡು ಕೊಡದೆ ಓಡಿಹೋದರಂತೆ, ಕಂಪನಿಯವರು ಬೀಗವನ್ನು ಬಿಗಿ ಮಾಡಿದರು. ಓಡಿಹೋದವರು ಎಲ್ಲೋ ಆರಾಮಾಗಿದ್ದಾರೆ, ನಿಂತವನು ಸಿಕ್ಕಿಕೊಂಡಿದ್ದಾನೆ. ಹನ್ನೊಂದು ನಲವತ್ತೆರಡಕ್ಕೆ ಬ್ಯಾಂಕಿನಿಂದ ಮೆಸೇಜು ಬಂದಿತ್ತು, ಇನ್ನೂರ ಹದಿನಾಲ್ಕು ರೂಪಾಯಿ ಕಡಿತ ಎಂದು. ಪೆಟ್ಟಿಗೆಯ ಗಾಜಿನ ಮೇಲೆ ಮಾತ್ರ ಪೇಮೆಂಟ್ ಪೆಂಡಿಂಗ್ ಎಂಬ ಹಸಿರು ಅಕ್ಷರ ಹಾಗೇ ನಿಂತಿತ್ತು. ಈ ಮೊದಲು ಮೂರು ಸಲ ಹೀಗೇ ಆಗಿತ್ತು, ಮೂರು ಸಲವೂ ಅವನು ಎರಡೆರಡು ಬಾರಿ ಕೊಟ್ಟಿದ್ದ. ಎರಡು ಸಲದ್ದು ವಾಪಸ್ ಬಂತು, ಒಂದು ಬರಲಿಲ್ಲ, ಅದು ಹಾಳಾಗಿ ಹೋಗಲಿ. ಆದರೆ ಪ್ರತಿ ಸಲವೂ ಎರಡನೇ ಬಾರಿ ಬೆರಳು ಒತ್ತುವಾಗ ತನ್ನ ಕತ್ತು ತಾನಾಗಿಯೇ ತಗ್ಗುತ್ತಿತ್ತು. ಪೆಟ್ಟಿಗೆಯ ಮುಂದೆ ಕತ್ತು ತಗ್ಗಿಸುವ ಮನುಷ್ಯನನ್ನು ನೋಡುವವರು ಯಾರೂ ಇರಲಿಲ್ಲ, ಆದರೂ ಅವನಿಗೆ ನಾಚಿಕೆಯಾಗುತ್ತಿತ್ತು. ಇವತ್ತು ಕತ್ತು ತಗ್ಗಲಿಲ್ಲ. ಯಾಕೆ ಇವತ್ತೇ? ಬೆಳಿಗ್ಗೆ ಹೆಂಡತಿ ದೇವಕ್ಕ ಕೊಟ್ಟ ಚಹ ಎಂದಿನಂತೆಯೇ ಇತ್ತು, ರಾಜಗೋಪಾಲನಗರದ ಬೀದಿಯಲ್ಲಿ ನೀರಿನ ಟ್ಯಾಂಕರ್ ಎಂದಿನಂತೆಯೇ ಅಡ್ಡ ನಿಂತಿತ್ತು, ಏಪ್ರಿಲ್ ತಿಂಗಳ ಬಿಸಿಲು ಎಲ್ಲರಿಗೂ ಬಿದ್ದ ಹಾಗೆ ಅವನಿಗೂ ಬಿದ್ದಿತ್ತು.

ಈ ಚಾರ್ಜಿಂಗ್ ಜಾಗ ಪೀಣ್ಯ ಎರಡನೇ ಹಂತದ ಹಿಂಬದಿಯಲ್ಲಿ ರಾಮಾಂಜಿನಪ್ಪನವರ ಖಾಲಿ ಸೈಟು. ಕಂಪನಿಯಿಂದ ತಿಂಗಳ ಬಾಡಿಗೆ ತೆಗೆದುಕೊಂಡು ಅವರು ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಇಡೀ ದಿನ ಕೂತಿರುತ್ತಿದ್ದರು. ಪಕ್ಕದ ಶೆಡ್ಡಿನಲ್ಲಿ ಪೇಂಟು ಸುಡುವ ವಾಸನೆ, ಅದರಾಚೆ ಪವರ್ ಪ್ರೆಸ್ಸಿನ ಧಡ್ ಧಡ್. ಪ್ರೆಸ್ಸು ಎಷ್ಟು ಟನ್ನಿನದು ಎಂದು ಕರಿಬಸಪ್ಪ ಸದ್ದಿನಲ್ಲೇ ಹೇಳಬಲ್ಲ. ಇಪ್ಪತ್ತೆರಡು ವರ್ಷ ಅವನು ಫ್ಯಾಕ್ಟರಿಯಲ್ಲಿ ಟರ್ನರ್ ಆಗಿದ್ದ. ಲೇತ್ ಮೆಷಿನ್ನಿನ ಮುಂದೆ ನಿಂತು ಬುಷ್ಷು ಎಂಬ ಹಿತ್ತಾಳೆಯ ಟೊಳ್ಳು ತುಂಡುಗಳನ್ನು ಕಡೆಯುತ್ತಿದ್ದ. ಅಲ್ಲಿ ಹಳೇ ಕೆಲಸಗಾರರದೆಲ್ಲ ಒಂದು ರೂಢಿ ಇತ್ತು. ಒಂದೇ ಅಳತೆಯ ಪೀಸುಗಳ ಹೊಸ ಲಾಟು ಶುರುವಾದಾಗ ಸರಿಬಂದ ಮೊದಲ ಪೀಸನ್ನು ಇನ್‌ಸ್ಪೆಕ್ಟರಿಗೆ ತೋರಿಸಿ ಒಪ್ಪಿಸಿಕೊಂಡು ಅಂಗಿಯ ಜೇಬಿಗೆ ಹಾಕಿಕೊಳ್ಳುವುದು. ಅಳೆಯಲು ಮೈಕ್ರೋಮೀಟರ್ ಇದ್ದೇ ಇತ್ತು. ಆದರೂ ಹತ್ತು ಪೀಸಿಗೊಮ್ಮೆ ಜೇಬಿನದನ್ನು ತೆಗೆದು, ಅದನ್ನೂ ಹೊಸದನ್ನೂ ಹೆಬ್ಬೆರಳಿನಿಂದ ಸವರಿ ನೋಡದಿದ್ದರೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ. ಲಾಟು ಮುಗಿಯುವವರೆಗೂ ಅದು ಎದೆಯ ಮೇಲೆ ಬೆಚ್ಚಗೆ ಇರುತ್ತಿತ್ತು.

"ಅಣ್ಣಾ, ನಂದು ಬ್ಯಾಟರಿ ನಾಕ್ ಪರ್ಸೆಂಟ್ ಐತ್ರಿ." ಹಿಂದೆ ನಿಂತಿದ್ದ ಕಾರಿನ ಹುಡುಗ ಬಂದು ಕಿಟಕಿಗೆ ಬಾಗಿದ್ದ. ಹಣಮಂತ ಅವನ ಹೆಸರು, ಬಾಗಲಕೋಟೆಯ ಕಡೆಯವನು, ಬೇರೆ ಟ್ರಾವೆಲ್ಸಿನಲ್ಲಿ ಇಂಥದ್ದೇ ಕಾರು ಓಡಿಸುತ್ತಿದ್ದ. ಸುತ್ತಮುತ್ತ ಇನ್ನೊಂದು ಚಾರ್ಜರ್ ಇಲ್ಲ. ಇದ್ದದ್ದು ಇದೊಂದೇ, ಇದಕ್ಕಿರುವುದು ಒಂದೇ ಗನ್ನು. "ನಾಕ್ ಪರ್ಸೆಂಟಿನಾಗ ಇಲ್ಲಿಂದ ಮೇನ್ ರೋಡಿಗೂ ಮುಟ್ಟಂಗಿಲ್ರಿ. ಇನ್ನೂರು ರೂಪಾಯಿಗೆ ಯಾಕ್ ಜಗಳಾಡ್ತೀರಿ, ಬೇಕಾದ್ರ ನಾ ಹಾಕ್ತೀನಿ." ಅವನು ನಿಜವಾಗಿಯೂ ಫೋನು ತೆಗೆದಿದ್ದ. ಕರಿಬಸಪ್ಪನಿಗೆ ಅವನ ಮುಖ ನೋಡಲಾಗಲಿಲ್ಲ. ಹುಡುಗನ ಅಂಗಿ ಬೆವರಿಗೆ ಅಂಟಿತ್ತು, ಎಸಿ ಹಾಕಿದರೆ ಆ ನಾಲ್ಕೂ ಹೋಗುತ್ತದೆಂದು ಅವನು ಬಾಗಿಲು ತೆರೆದು ಕಾಲು ಹೊರಗೆ ಹಾಕಿ ಕೂತಿದ್ದನ್ನು ಕನ್ನಡಿಯಲ್ಲಿ ನೋಡಿದ್ದ. ತನ್ನ ಹಟಕ್ಕೆ ಇವನು ಯಾಕೆ ಬೇಯಬೇಕು? "ನೀ ಕೊಡಬ್ಯಾಡಪ್ಪ," ಎಂದ. "ನೀ ಕೊಟ್ರ ನಾ ಕೊಟ್ಟಿದ್ದಿಲ್ಲ ಅಂತ ಆಕ್ಕತಿ." ಹಣಮಂತನಿಗೆ ಇದು ಅರ್ಥವಾಗಲಿಲ್ಲ. ಅರ್ಥವಾಗಬೇಕಾದ್ದೂ ಇಲ್ಲ ಎಂದು ಕರಿಬಸಪ್ಪ ಅಂದುಕೊಂಡ, ಮತ್ತು ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ರಾಮಾಂಜಿನಪ್ಪನವರು ಕುರ್ಚಿಯಿಂದಲೇ ಕೂಗಿದರು. "ಲೇ ಇವ್ನೇ, ಎಂಗಯ್ಯಾ ಇಂಗೆ ಅಡ್ಡ ನಿಲ್ಲುಸ್ಕಂಡು ಕುಂತ್ರೆ? ಕೊಟ್ಟು ಓಗತ್ಲಾಗೆ. ಓದ್ ತಿಂಗ್ಳು ಡಾಕ್ಟ್ರು ಒಬ್ರು ಬಂದಿದ್ರು, ಅವ್ರುಗೂ ಇಂಗೇ ಆಯ್ತು. ಏನೂ ಮಾತಾಡ್ದೆ ಕೊಟ್ಟು ಓದ್ರು." ಡಾಕ್ಟರು ಕೊಡಬಹುದು. ಡಾಕ್ಟರು ಎರಡು ಸಲ ಕೊಟ್ಟರೆ ಅದು ಪುರಸೊತ್ತಿಲ್ಲದ್ದಕ್ಕೆ ಕೊಟ್ಟದ್ದು, ಡ್ರೈವರು ಎರಡು ಸಲ ಕೊಟ್ಟರೆ ಮೊದಲ ಸಲ ಕೊಟ್ಟಿರಲಿಲ್ಲವೆಂದೇ ಲೆಕ್ಕ. ಇದನ್ನು ರಾಮಾಂಜಿನಪ್ಪನವರಿಗೆ ಹೇಳುವುದು ಹೇಗೆ? ಇದೇ ಜಾಗದಲ್ಲಿ ರಾಗಿ ಬೆಳೆದವರ ಮೊಮ್ಮಗ ಅವರು. ಅವರ ಟಿಫನ್ ಡಬ್ಬಿಯನ್ನು ಯಾರೂ ಯಾವತ್ತೂ ತೆಗೆಸಿ ನೋಡಿಲ್ಲ. ಕರಿಬಸಪ್ಪನದನ್ನು ಪ್ರತಿದಿನ ಸಂಜೆ ಐದೂವರೆಗೆ ತೆಗೆಸುತ್ತಿದ್ದರು, ಇಪ್ಪತ್ತೆರಡು ವರ್ಷ. ಫ್ಯಾಕ್ಟರಿಯ ಗೇಟಿನಲ್ಲಿ ಸಾಲು, ಒಬ್ಬೊಬ್ಬರೇ ಕೈ ಅಗಲಿಸಿ ನಿಲ್ಲಬೇಕು, ಸೆಕ್ಯುರಿಟಿಯವನು ಪಕ್ಕೆ ತಟ್ಟುತ್ತಾನೆ, ಡಬ್ಬಿಯ ಮುಚ್ಚಳ ಎತ್ತುತ್ತಾನೆ, ಉಳಿದ ಅನ್ನದ ವಾಸನೆಗೆ ಮುಖ ತಿರುಗಿಸುತ್ತಾನೆ. ದಿನಾ ಆಗುವುದು ಯಾರಿಗೂ ಅವಮಾನ ಅನಿಸುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಆ ಕೈ ಪಕ್ಕೆಗೆ ಬರುವ ಮುಂಚೆ ಎದೆಯ ಮೇಲೆ ನಿಂತಿತು. ಜೇಬಿನಲ್ಲಿ ಲಾಟಿನ ಮೊದಲ ಪೀಸು ಇತ್ತು.

ಮರೆತಿದ್ದೆ ಎಂದು ಅವನು ಆ ದಿನ ಹೇಳಿದ. ಎಲ್ಲರಿಗೂ ಹಾಗೇ ಹೇಳಿದ, ದೇವಕ್ಕನಿಗೂ. ಆದರೆ ನಿಜ ಅಷ್ಟು ಸಲೀಸಾಗಿರಲಿಲ್ಲ. ಕೈ ತೊಳೆಯುವ ನಲ್ಲಿಯ ಹತ್ತಿರ ಬಾಗಿದಾಗ ಪೀಸು ಜೇಬಿನ ಅಂಚಿಗೆ ಬಡಿದಿತ್ತು. ಇದೆ ಎಂದು ಅರ್ಧ ಕ್ಷಣ ಗೊತ್ತಾಗಿತ್ತು. ಲಾಟು ಇನ್ನೂ ಮುಗಿದಿಲ್ಲ, ನಾಳೆ ಬೆಳಿಗ್ಗೆ ಸೆಟ್ಟಿಂಗಿಗೆ ಬೇಕೇ ಬೇಕು, ಇರಲಿ ಎಂದು ಮನಸ್ಸು ಅಂದುಕೊಂಡಿತ್ತೋ, ಅಥವಾ ಏನನ್ನೂ ಅಂದುಕೊಳ್ಳದೆ ಕೈ ಸೋಪಿನ ಕಡೆ ಹೋಗಿತ್ತೋ? ಹನ್ನೊಂದು ವರ್ಷ ಅವನು ಆ ಅರ್ಧ ಕ್ಷಣವನ್ನು ಹೊರಳಿಸಿ ನೋಡಿದ್ದಾನೆ. ಕದಿಯಲಿಲ್ಲ, ಇದಂತೂ ಖಂಡಿತ. ಆದರೆ ಮರೆತಿದ್ದೆ ಎಂಬ ಮಾತು ಪೂರ್ತಿ ಖರೆಯಲ್ಲ. ಕದ್ದೆ ಎಂಬುದಕ್ಕೂ ಮರೆತೆ ಎಂಬುದಕ್ಕೂ ನಡುವೆ ಒಂದು ಜಾಗವಿದೆ, ಅದನ್ನು ಬರೆಯಲು ಆಫೀಸಿನ ಕಾಗದದಲ್ಲಿ ಗೆರೆ ಇರಲಿಲ್ಲ. ಬರೆದುಕೊಡಪ್ಪ, ಮುಗಿದುಹೋಗಲಿ ಎಂದರು ಎಲ್ಲರೂ. ಯೂನಿಯನ್ನಿನವರೂ ಅದನ್ನೇ ಅಂದರು. ನಲವತ್ತು ರೂಪಾಯಿಯ ವಸ್ತುವಿಗೆ ಯಾಕೆ ಎಳೆದಾಡುತ್ತೀಯ? ಅವನು ಕುರ್ಚಿಯ ತುದಿಯಲ್ಲಿ ಕೂತು ಬರೆದ. ಕಂಪನಿಯ ಸ್ವತ್ತನ್ನು ಅನುಮತಿಯಿಲ್ಲದೆ ಹೊರಗೆ ಒಯ್ಯುತ್ತಿದ್ದುದು ನಿಜ, ಕ್ಷಮಿಸಬೇಕಾಗಿ ಕೋರುತ್ತೇನೆ. ಆಫೀಸರು ಕಾಗದ ಎತ್ತಿ ನೋಡಿ, "ಅಕ್ಷರ ಚೆನ್ನಾಗಿದೆಯಲ್ಲಪ್ಪ," ಎಂದರು. ಆ ಹೊಗಳಿಕೆಗೆ ತಾನು ನಕ್ಕಿದ್ದು ನೆನಪಾದರೆ ಕರಿಬಸಪ್ಪನಿಗೆ ಈಗಲೂ ಕಿವಿ ಬಿಸಿಯಾಗುತ್ತದೆ. ದೇವಕ್ಕ ಊಟಕ್ಕಿಡುತ್ತಾ ಒಂದೇ ಮಾತು ಕೇಳಿದ್ದಳು. "ತಗಂಡಿಲ್ಲ ಅಂದ ಮ್ಯಾಲ ಯಾಕ ಬರದಿ?" ಆಮೇಲೆ ಆ ಮಾತನ್ನು ಅವಳು ಎತ್ತಲಿಲ್ಲ. ಫ್ಯಾಕ್ಟರಿಯವರು ಎತ್ತಿದರು, ಪ್ರಮೋಷನ್ನಿನ ಹೊತ್ತಿಗೆ, ಬೋನಸ್ಸಿನ ಹೊತ್ತಿಗೆ, ಕೊನೆಗೆ ಆಳು ಕಡಿಮೆ ಮಾಡುವ ಪಟ್ಟಿ ಹಾಕುವ ಹೊತ್ತಿಗೆ, ಅದೇ ಚಂದದ ಅಕ್ಷರದ ಕಾಗದ ಫೈಲಿನಿಂದ ಹೊರಗೆ ಬಂತು.

ದೇವರಾಜ್ ಎರಡನೇ ಸಲ ಫೋನು ಮಾಡಿದಾಗ ಒಂದೂವರೆ. "ಏನ್ ಕರಿಬಸಪ್ಪೋರೇ, ಇನ್ನೂ ಅಲ್ಲೇ ಇದೀರಾ? ನಾಲ್ಕೂವರೆಗೆ ಮಾಕಳೀಲಿ ಪಿಕಪ್ ಇದೆ, ಫ್ಯಾಕ್ಟ್ರಿ ಸ್ಟಾಫು, ಒಂದ್ ನಿಮಿಷ ಲೇಟಾದ್ರೂ ಬೈತಾರೆ. ಗನ್ನಲ್ಲಿ ಕೆಳಗಡೆ ರಬ್ಬರ್ ಮುಚ್ಚಳ ಇದೆ ನೋಡಿ, ತೆಗ್ದು ಸ್ಕ್ರೂಡ್ರೈವರ್ ಹಾಕಿ ಒಂದ್ಸಲ ತಿರುವಿ, ಬಿಟ್ಕೊಳುತ್ತೆ. ಎಲ್ರೂ ಹಂಗೇ ಮಾಡೋದು." ಕರಿಬಸಪ್ಪ ಆ ರಬ್ಬರ್ ಮುಚ್ಚಳವನ್ನು ಯಾವಾಗಲೋ ನೋಡಿದ್ದ. ದೇವರಾಜ್ ಹೇಳುವ ಮೊದಲೇ, ಹನ್ನೆರಡು ಗಂಟೆಗೇ, ಅದರ ಕೆಳಗಿನ ಸಣ್ಣ ಸೀಳನ್ನೂ, ಅದಕ್ಕೆ ಸರಿಹೋಗುವ ಸ್ಕ್ರೂಡ್ರೈವರ್ ಎಷ್ಟಗಲದ್ದು ಎಂಬುದನ್ನೂ ಅವನ ಕಣ್ಣು ಅಳೆದು ಮುಗಿಸಿತ್ತು. ಕಾಲು ತಿರುವು ಸಾಕು. ಡ್ಯಾಶ್‌ಬೋರ್ಡಿನಲ್ಲಿ ಸ್ಕ್ರೂಡ್ರೈವರೂ ಇತ್ತು. "ಬೀಗ ಮೀಟಿ ಹೋಗಂಗಿಲ್ರಿ ನಾನು," ಎಂದ. "ಏನ್ರೀ ನೀವು, ಹೋಗ್ಲಿ ಇನ್ನೂರ್ ರೂಪಾಯಿ ನಾನೇ ಹಾಕ್ತೀನಿ." "ನೀವೂ ಹಾಕಬ್ಯಾಡ್ರಿ." ಆಮೇಲೆ ಬಂದ ದನಿಯಲ್ಲಿ ಬಹುವಚನ ಇರಲಿಲ್ಲ. "ನೋಡು, ನಾಲ್ಕು ಗಂಟೆಗೆ ಗಾಡಿ ಹೊರಡ್ಬೇಕು. ನೀನು ಹೊರಟ್ರೆ ನೀನು, ಇಲ್ಲಾಂದ್ರೆ ಬೇರೆಯವನ್ನ ಕಳಿಸ್ತೀನಿ. ಆಮೇಲೆ ಕೀ ಕೇಳ್ಕೊಂಡು ಬರ್ಬೇಡ." ಐವತ್ತೆರಡು ವರ್ಷದವನಿಗೆ ಮತ್ತೊಂದು ಟ್ರಾವೆಲ್ಸು ಸಿಗುವುದು ಅಷ್ಟು ಸುಲಭವಲ್ಲ. ಅದು ದೇವರಾಜನಿಗೂ ಗೊತ್ತು, ಕರಿಬಸಪ್ಪನಿಗೂ ಗೊತ್ತು.

ಮೂರು ಗಂಟೆಗೆ ದೂರು ನೋಡಲು ಕಂಪನಿಯ ಇನ್ನೊಬ್ಬ ಹುಡುಗಿ ಸ್ಕೂಟರಿನಲ್ಲಿ ಬಂದಳು. ಕತ್ತಿನಲ್ಲಿ ಟ್ಯಾಗು, ಅದರ ಮೇಲೆ ಸವಿತಾ ಎಂದು ಹೆಸರು. ಹೆಲ್ಮೆಟ್ ತೆಗೆದಾಗ ಹಣೆಯ ಮೇಲೆ ಕೆಂಪು ಗೆರೆ ಮೂಡಿತ್ತು. ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಅವಳು ಮೊದಲು ಬ್ಯಾಂಕಿನ ಮೆಸೇಜು ನೋಡಿದಳು, ಆಮೇಲೆ ತನ್ನ ಫೋನಿನಲ್ಲಿ ಏನನ್ನೋ ನೋಡಿದಳು, ಆಮೇಲೆ ಇನ್ನೊಂದು ಸಲ ಬ್ಯಾಂಕಿನ ಮೆಸೇಜು. "ಅಂಕಲ್, ನಿಮ್ಮ ಕಡೆಯಿಂದ ಹೋಗಿದೆ. ಸರ್ವರಲ್ಲಿ ಮಾತ್ರ ತೋರಿಸ್ತಿಲ್ಲ." "ಹೋಗೈತಿ ಅಂದ್ರಲ್ಲ, ಅದನ್ನ ಬರದು ಕೊಡ್ರಿ, ನಾ ಹೋಗ್ತೀನಿ." ಅವಳು ನಕ್ಕಳು, ಅಳುಕಿನ ನಗು. ಬರೆದುಕೊಡುವ ಅಧಿಕಾರ ಅವಳಿಗಿಲ್ಲ. ಗನ್ನು ಬಿಡಿಸುವ ಕೀಲಿ ಅವಳ ಬ್ಯಾಗಿನಲ್ಲಿದೆ, ಆದರೆ ಅದನ್ನು ಹಾಕಬೇಕಾದರೆ ಒಂದು ಫಾರಮ್ಮಿಗೆ ಅವನ ಸಹಿ ಬೇಕು. ಅವಳು ಫಾರಮ್ಮನ್ನು ಕಾರಿನ ಬಾನೆಟ್ಟಿನ ಮೇಲೆ ಹರಡಿದಳು. ಈ ಚಾರ್ಜಿಂಗ್‌ನ ಮೊತ್ತವನ್ನು ನಾನು ಪಾವತಿಸಿರುವುದಿಲ್ಲ, ಮೂರು ದಿನಗಳೊಳಗೆ ಪಾವತಿಸಲು ಬದ್ಧನಾಗಿದ್ದೇನೆ. ಕೆಳಗೆ ಹೆಸರು, ಸಹಿ, ಮೊಬೈಲ್ ನಂಬರ್.

ಬಾನೆಟ್ಟಿನ ಮೇಲೆ ಕಾಗದ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಹೆಬ್ಬೆರಳು ತಾನಾಗಿ ಪೆನ್ನನ್ನು ಸರಿಯಾದ ಜಾಗದಲ್ಲಿ ಹಿಡಿದಿತ್ತು. ಅವತ್ತು ಫ್ಯಾಕ್ಟರಿಯಲ್ಲಿ ಆಫೀಸರ ಟೇಬಲ್ಲಿನ ಗಾಜಿನ ಕೆಳಗೆ ಒಂದು ದೇವರ ಪಟ, ಫ್ಯಾನಿನ ಗಾಳಿಗೆ ಕಾಗದದ ತುದಿ ಏಳುತ್ತಿತ್ತು, ಅದನ್ನು ಹಾರದ ಹಾಗೆ ಒತ್ತಲು ಆಫೀಸರು ಇಟ್ಟಿದ್ದು ಅದೇ ಹಿತ್ತಾಳೆಯ ಬುಷ್ಷು. "ಸಹಿ ಮಾಡಿ ಅಂಕಲ್, ಸುಮ್ನೆ ಫಾರ್ಮಾಲಿಟಿ, ಇದನ್ಯಾರೂ ಓದಲ್ಲ," ಎಂದಳು ಸವಿತಾ. ಇದನ್ನು ಯಾರೂ ಓದುವುದಿಲ್ಲ ಎಂದೇ ಆ ಆಫೀಸರೂ ಹೇಳಿದ್ದರು. "ಓದ್ತಾರವಾ," ಎಂದ ಕರಿಬಸಪ್ಪ. "ಯಾವಾಗ ಬೇಕೋ ಆವಾಗ ತಗದು ಓದ್ತಾರ." ಅವನು ಅಚ್ಚಾದ ಸಾಲಿನಲ್ಲಿ ಪಾವತಿಸಿರುವುದಿಲ್ಲ ಎಂಬ ಪದವನ್ನು ನಿಧಾನವಾಗಿ, ಗೆರೆ ಕೊಂಚವೂ ಡೊಂಕಾಗದ ಹಾಗೆ ಹೊಡೆದುಹಾಕಿದ. ಮೇಲೆ ಪಾವತಿಸಿದ್ದೇನೆ ಎಂದು ಬರೆದ. ಅಕ್ಷರ ಈಗಲೂ ಚಂದವಿತ್ತು. "ಅಯ್ಯೋ, ಇದನ್ನ ತಗೊಳಕ್ಕಾಗಲ್ಲ ಅಂಕಲ್. ಸರಿಯಾಗಿ ಸಹಿ ಇಲ್ದೆ ಗನ್ ಬಿಡಿಸಿದ್ರೆ ನನ್ ಸಂಬಳದಲ್ಲಿ ಹಿಡೀತಾರೆ." ಅವಳ ಕಣ್ಣಿನಲ್ಲಿ ನೀರು ಬಂದಿತ್ತೋ, ಬಿಸಿಲೋ. ಹಿಂದೆ ಒಬ್ಬ ಬೇಯುತ್ತಿದ್ದಾನೆ, ಮುಂದೆ ಒಬ್ಬಳು ಅಳುತ್ತಿದ್ದಾಳೆ, ಯಾರ ಮೇಲೆ ತನ್ನ ಸಿಟ್ಟೋ ಅವರು ಮಾತ್ರ ಎಲ್ಲಿ ಕೂತಿದ್ದಾರೆಂದು ಯಾರಿಗೂ ಗೊತ್ತಿಲ್ಲ. "ಹಂಗಾದ್ರ ಬಿಡಿಸಬ್ಯಾಡ್ರಿ," ಎಂದು ಪೆನ್ನು ವಾಪಸ್ ಕೊಟ್ಟ. "ನಿಮ್ಮ ಸಂಬಳ ಹೋಗೂದು ಬ್ಯಾಡ."

ಅಷ್ಟರಲ್ಲಿ ಪ್ರೆಸ್ಸಿನ ಸದ್ದು ನಿಂತಿತು. ಉಳಿದವರಿಗೆ ತಿಳಿಯುವ ಮುಂಚೆ ಅದು ಅವನ ಕಿವಿಗೆ ತಿಳಿಯಿತು. ಆಮೇಲೆ ಪೇಂಟ್ ಶೆಡ್ಡಿನ ಫ್ಯಾನು, ಆಮೇಲೆ ಎಲ್ಲೋ ದೂರದ ಕಂಪ್ರೆಸರ್, ಒಂದೊಂದಾಗಿ ಎಲ್ಲವೂ ಸುಮ್ಮನಾದವು. ಕರೆಂಟು ಹೋಗಿತ್ತು. ಪೆಟ್ಟಿಗೆಯ ಹಸಿರು ಅಕ್ಷರ ಆರಿಹೋಯಿತು, ಮತ್ತು ಆ ನಿಶ್ಶಬ್ದದಲ್ಲಿ, ಕಾರಿನ ಮೈಯಿಂದ ಟಕ್ ಎಂದು ಒಂದು ಸಣ್ಣ ಸದ್ದು ಬಂತು. ನಾಲ್ವರೂ ಗನ್ನಿನ ಕಡೆ ನೋಡಿದರು. ಕರೆಂಟು ಇಲ್ಲದಿದ್ದರೆ ಬೀಗಕ್ಕೆ ಹಿಡಿದುಕೊಳ್ಳುವ ಶಕ್ತಿ ಇರಲಿಲ್ಲ.

"ಅಣ್ಣಾ, ಬಿಟ್ಟೈತಿ!" ಹಣಮಂತ ಕುಣಿದೇಬಿಟ್ಟ. ರಾಮಾಂಜಿನಪ್ಪನವರು ಕುರ್ಚಿಯಿಂದ ಎದ್ದು ನಿಂತರು. "ಒಂಟೋಗಯ್ಯಾ ಮಾರಾಯ, ಕರೆಂಟ್ ಬರಾದ್ರೊಳಗೆ ಒಂಟೋಗು." ಸವಿತಾಳ ಮುಖ ಗೆಲುವಾಯಿತು. "ಹೋಗಿ ಅಂಕಲ್. ಕರೆಂಟ್ ಹೋಗಿ ಬಿಟ್ಟಿದ್ದು, ನನ್ನನ್ನ ಯಾರೂ ಕೇಳಲ್ಲ. ನಿಮಗೂ ಏನೂ ಆಗಲ್ಲ." ಗಂಟೆ ಮೂರು ಇಪ್ಪತ್ತೈದು. ಮಾಕಳಿಗೆ ಇಪ್ಪತ್ತು ನಿಮಿಷ ಸಾಕು; ನಾಲ್ಕೂವರೆಯ ಪಿಕಪ್ಪಿಗೆ ಮುಂಚೆ ಮುಖ ತೊಳೆದು ಚಹ ಕುಡಿಯುವಷ್ಟು ಹೊತ್ತು ಉಳಿಯುತ್ತದೆ. ಕರಿಬಸಪ್ಪ ಗನ್ನನ್ನು ಎಳೆದ, ಅದು ಏನೂ ತಕರಾರಿಲ್ಲದೆ ಕೈಗೆ ಬಂತು. ಭಾರವಾಗಿತ್ತು. ಅದನ್ನು ಪೆಟ್ಟಿಗೆಯ ಕೊಕ್ಕೆಗೆ ನೇತುಹಾಕುತ್ತಾ ಕೇಳಿದ. "ನಾ ಹಿಂಗ ಹೋದ್ರ ನಿಮ್ಮ ಕಂಪ್ಯೂಟರಿನಾಗ ಏನಂತ ಬರತೈತಿ?" ಸವಿತಾ ತಡವರಿಸಿದಳು. "ಏನಿಲ್ಲ, ಅನ್‌ಪೇಯ್ಡ್ ಎಕ್ಸಿಟ್ ಅಂತ ಬೀಳುತ್ತೆ, ಅಷ್ಟೇ." "ಅಂದ್ರ?" "ಅಂದ್ರೆ... ದುಡ್ಡು ಕೊಡದೆ ಹೋದ್ರು ಅಂತ."

ಅವನು ಕಾರು ಹತ್ತಿ ಸ್ಟಾರ್ಟ್ ಮಾಡಿದ. ಎಲ್ಲರೂ ಉಸಿರು ಬಿಟ್ಟರು. ಕಾರು ಸದ್ದಿಲ್ಲದೆ ಹತ್ತು ಮಾರು ಮುಂದೆ ಹೋಗಿ ಹೊಂಗೆ ಮರದ ಪಕ್ಕ ನಿಂತಿತು. ಅವನು ಇಳಿದು ಬಂದು ಹಣಮಂತನಿಗೆ ಕೈ ಬೀಸಿ, ಗಾಡಿ ಹಾಕ್ಕೋ, ಕರೆಂಟು ಬಂದ ಕೂಡಲೇ ನಿನ್ನದು ಶುರುವಾಗುತ್ತದೆ ಎಂದ. ಹಣಮಂತ ಗಾಡಿ ತಂದು ನಿಲ್ಲಿಸಿದ. ಬೆಳಗಿನಿಂದ ಕರಿಬಸಪ್ಪನ ಎದೆಯಲ್ಲಿದ್ದ ಒಂದು ಕಲ್ಲು ಇಳಿಯಿತು. ಈಗ ಅವನು ಯಾರಿಗೂ ಅಡ್ಡವಾಗಿರಲಿಲ್ಲ. ಪೆಟ್ಟಿಗೆಯ ಕೆಳಗೆ ಮೊಣಕಾಲುದ್ದದ ಸಿಮೆಂಟಿನ ಕಟ್ಟೆಯಿತ್ತು. ಅದರ ಮೇಲಿನ ಧೂಳನ್ನು ಕರವಸ್ತ್ರದಿಂದ ಕೊಡವಿ ಅವನು ಕೂತ. ಸವಿತಾ ಅವನನ್ನೇ ನೋಡಿದಳು. "ಯಾಕಂಕಲ್, ಹೋಗಲ್ವಾ?" "ಇಷ್ಟೊತ್ತು ಗಾಡಿ ಸಿಕ್ಕೊಂಡಿತ್ತವಾ. ನಾ ಸಿಕ್ಕೊಂಡಿದ್ದಿಲ್ಲ." ತನ್ನ ಬಾಯಿಂದ ಇಷ್ಟು ನೆಟ್ಟಗಿನ ಮಾತು ಬಂದದ್ದಕ್ಕೆ ಅವನಿಗೇ ಸಣ್ಣ ಸಂಕೋಚವಾಯಿತು. ಆದರೆ ಹಿಂದೆಗೆದುಕೊಳ್ಳಬೇಕು ಅನಿಸಲಿಲ್ಲ. ಬರೆದುಕೊಟ್ಟವನಿಗೆ ಹನ್ನೊಂದು ವರ್ಷ ಸಿಗದ ಉತ್ತರ, ದೇವಕ್ಕ ಕೇಳಿದ ಮಾತಿಗೆ ಕೊಡಬೇಕಾದ ಉತ್ತರ, ಇಲ್ಲಿ ಈ ಕಟ್ಟೆಯ ಮೇಲೆ ಎಲ್ಲೋ ಇದೆ ಅನಿಸಿತು. ಆ ದಿನವೂ ಗೇಟಿನಲ್ಲಿ ಹೀಗೇ ಕೂತುಬಿಡಬಹುದಿತ್ತು. ಜೇಬಿನಲ್ಲಿ ಯಾಕಿತ್ತು ಎಂದು ಕೇಳುವವರೆಗೆ, ಅರ್ಧ ಕ್ಷಣದ ಕತೆಯನ್ನೂ ಸೇರಿಸಿ ಪೂರ್ತಿ ಹೇಳುವವರೆಗೆ, ಕೂತುಬಿಡಬಹುದಿತ್ತು. ಕೂರಬಹುದು ಎಂದೇ ಆಗ ಹೊಳೆದಿರಲಿಲ್ಲ.

ನಾಲ್ಕು ಗಂಟೆಗೆ ದೇವರಾಜ್ ಕಳಿಸಿದ ಡ್ರೈವರು ಆಟೋದಲ್ಲಿ ಬಂದ. ರಾತ್ರಿ ಪಾಳಿಯವನು, ನಿಂಗಪ್ಪ, ನಿದ್ದೆಗಣ್ಣಿನಲ್ಲಿದ್ದ. ಕರಿಬಸಪ್ಪ ಡ್ಯಾಶ್‌ಬೋರ್ಡಿನಿಂದ ತನ್ನ ಓದುವ ಕನ್ನಡಕ, ಟಿಫನ್ ಡಬ್ಬಿ ತೆಗೆದುಕೊಂಡು ಕೀ ಕೊಟ್ಟ. "ಬ್ರೇಕು ಸ್ವಲ್ಪ ಎಡಕ್ಕ ಎಳಿತೈತಿ, ನೋಡ್ಕಂಡು ಓಡ್ಸು." ನಿಂಗಪ್ಪ ತಲೆಯಾಡಿಸಿ ಹೋದ. ಕಾರು ತಿರುವಿನಲ್ಲಿ ಮರೆಯಾಯಿತು. ಕರಿಬಸಪ್ಪನಿಗೆ ಹೆದರಿಕೆಯಾಯಿತು. ಬರುವ ತಿಂಗಳ ಮನೆ ಬಾಡಿಗೆ, ದೇವಕ್ಕನ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲ ಆ ಕಾರಿನ ಜೊತೆಗೇ ಹೋದ ಹಾಗೆ ಕಂಡಿತು. ಈಗಲೂ ಓಡಿಹೋಗಿ ಕೂಗಿದರೆ ನಿಂಗಪ್ಪ ಮೇನ್ ರೋಡಿನ ಸಿಗ್ನಲ್ಲಿನಲ್ಲಿ ನಿಲ್ಲಿಸುತ್ತಾನೆ. ಕಾಲುಗಳು ಏಳಲು ನೋಡಿದವು. ಅವನು ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಒತ್ತಿ ಹಿಡಿದು ಕೂತ. ರಾಮಾಂಜಿನಪ್ಪನವರು ಎದ್ದು ಮನೆಯ ಕಡೆ ಹೋದವರು ಒಂದು ಚೊಂಬು ನೀರು ತಂದು ಅವನ ಪಕ್ಕ ಇಟ್ಟರು.

ಕರೆಂಟು ಬಂತು. ಪ್ರೆಸ್ಸು ಮತ್ತೆ ಧಡ್ ಎಂದಿತು, ಹಣಮಂತನ ಗಾಡಿ ಚಾರ್ಜಿಗೆ ಹತ್ತಿತು. ಸವಿತಾ ಹೆಲ್ಮೆಟ್ ಕೈಯಲ್ಲಿ ಹಿಡಿದು ಎರಡು ಸಲ ಸ್ಕೂಟರಿನ ತನಕ ಹೋಗಿ ಎರಡು ಸಲ ವಾಪಸ್ ಬಂದಳು. ಮೂರನೇ ಸಲ ಫೋನು ತೆಗೆದು ಆಫೀಸಿಗೆ ಮಾಡಿದಳು, ಅವನಿಂದ ದೂರ ಹೋಗದೆ ಅಲ್ಲೇ ನಿಂತು. "ಸರ್, ಪೀಣ್ಯ ಸೈಟಿಂದ ಸವಿತಾ... ಹೌದು ಸರ್, ಆ ಕಂಪ್ಲೇಂಟೇ... ಇಲ್ಲ ಸರ್, ಗನ್ ಬಿಟ್ಟಿದೆ. ಕರೆಂಟ್ ಹೋದಾಗ ಬಿಡ್ತು... ಗಾಡೀನೂ ಹೋಯ್ತು ಸರ್. ಬೇರೆ ಡ್ರೈವರ್ ಬಂದು ತಗೊಂಡೋದ." ಆ ಕಡೆಯವರು ಹಾಗಾದರೆ ತೊಂದರೆ ಏನು ಎಂದು ಕೇಳಿರಬೇಕು. ಅವಳು ಕಟ್ಟೆಯ ಕಡೆ ತಿರುಗಿದಳು. "ಅವರು ಹೋಗಿಲ್ಲ ಸರ್. ಇಲ್ಲೇ ಕೂತಿದ್ದಾರೆ." ಮತ್ತೆ ಏನೋ ಕೇಳಿದರು. "ಗೊತ್ತಿಲ್ಲ ಸರ್, ಎಲ್ಲೀವರೆಗೆ ಅಂತ. ಹೋಗೋ ಹಂಗೆ ಕಾಣ್ತಿಲ್ಲ." ಫೋನು ಇಟ್ಟಳು. ಆಮೇಲೆ ಬ್ಯಾಗಿನಿಂದ ಆ ಫಾರಮ್ಮು ತೆಗೆದು, ತಿರುಗಿಸಿ, ಖಾಲಿ ಹಿಂಬದಿಯ ಮೇಲೆ, ಸ್ಕೂಟರಿನ ಸೀಟಿಗೆ ಒತ್ತಿ ಹಿಡಿದು ಬರೆಯತೊಡಗಿದಳು. ಬರೆದು ಮುಗಿಸುವವರೆಗೂ ತುಟಿ ಕಚ್ಚಿಕೊಂಡಿದ್ದಳು.

ಅವನು ಕನ್ನಡಕ ಹಾಕಿಕೊಂಡು ಓದಿದ. ಇವತ್ತು ಹನ್ನೊಂದು ನಲವತ್ತೆರಡಕ್ಕೆ ಶ್ರೀ ಕರಿಬಸಪ್ಪನವರು ಇನ್ನೂರ ಹದಿನಾಲ್ಕು ರೂಪಾಯಿ ಕೊಟ್ಟಿರುತ್ತಾರೆ, ಬ್ಯಾಂಕಿನ ಮೆಸೇಜು ನಾನು ಕಣ್ಣಾರೆ ನೋಡಿದ್ದೇನೆ. ಕೆಳಗೆ ಸವಿತಾ ಎಂದು ಸಹಿ, ತಾರೀಖು. ಅಕ್ಷರ ಅಷ್ಟೇನೂ ಚೆನ್ನಾಗಿರಲಿಲ್ಲ, ಸಾಲು ಕೆಳಕ್ಕೆ ಜಾರಿತ್ತು. ಕರಿಬಸಪ್ಪ ಪೆನ್ನು ಒತ್ತಿದ ಗುರುತನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದ. "ಇದಕ್ಕ ನಿಮಗೇನೂ ತೊಂದ್ರಿ ಆಗಂಗಿಲ್ಲೇನು?" "ಆದ್ರೆ ಆಗ್ಲಿ ಬಿಡಿ ಅಂಕಲ್. ನೋಡಿದ್ದು ನೋಡಿದೀನಿ ಅಂತ ಬರ್ದಿದೀನಿ. ಈಗಾದ್ರೂ ಮನೆಗೆ ಹೋಗಿ." ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ, ಮೇಲಿನಿಂದ ಒಮ್ಮೆ ತಟ್ಟಿ ನೋಡಿದ. ಎದ್ದು ನಿಂತ. ಸವಿತಾ ಹೆಲ್ಮೆಟ್ ಏರಿಸಿಕೊಂಡಳು. ಅವನು ಚೊಂಬಿನಲ್ಲಿ ಉಳಿದ ನೀರನ್ನು ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, ಚೊಂಬನ್ನು ಒಯ್ದು ರಾಮಾಂಜಿನಪ್ಪನವರ ಕುರ್ಚಿಯ ಪಕ್ಕ ಇಟ್ಟು ಬಂದ.

"ಇದು ನಿಮ್ಮ ಕಾಗದ ಆತವಾ," ಎಂದು ಜೇಬು ಮುಟ್ಟಿ ಸವಿತಾಳಿಗೆ ಹೇಳಿದ. "ಇನ್ನ ಕಂಪನೀದು ಬರ್ಲಿ."

ಮತ್ತೆ ಕಟ್ಟೆಯ ಮೇಲೆ ಕೂತ.